ಬಿದ್ದ ಮನೆಯ ಕಿಡಕಿ ಮೆಣಸಿನ ಅಗಿಗೆ ಮನಿ ಆಯ್ತು

2019ರ ಆಗಸ್ಟ್ ತಿಂಗಳು. ಆಶ್ಲೇಷ ಮಳೆ ಹಗಲು ರಾತ್ರಿ ಬಿಡದೆ ಹೊಡೆಯಿತು. ವರದಾ ನದಿ ದಂಡೆಯ ಊರುಗಳಿಗೆ ನೀರು ಹೊಕ್ಕಿತು. ನಮ್ಮ ಹಾವೇರಿ ಜಿಲ್ಲೆಯಲ್ಲಿ ಸಾವಿರಾರು ಮಣ್ಣಿನ ಮನೆಗಳು ಕುಸಿದವು. ನಮ್ಮೂರು ಶಿಗ್ಗಾಂವಿ ತಾಲೂಕಿನಲ್ಲಿ, ಬಂಕಾಪುರದ ಬಾಜೂ ಇದೆ. ಹೊಳೆ ನಮಗೆ ದೂರ. ಆದರೂ ಏಳನೇ ದಿನ ರಾತ್ರಿ ನಮ್ಮ ಮನೆಯ ಹಿಂದಿನ ಗೋಡೆ ನೆಂದು ನೆಂದು ಧೊಪ್ಪನೆ ಕುಳಿತುಬಿಟ್ಟಿತು. ದನಗಳು ಮುಂದಿನ ಅಂಕಣದಲ್ಲಿದ್ದವು. ನಾವೂ ಅಲ್ಲೇ ಇದ್ದೆವು. ಅದಕ್ಕೇ ಎಲ್ಲರೂ ಉಳಿದೆವು.

ಮಳೆ ಹೊಳವಾದ ಮೇಲೆ ಮಣ್ಣು ಸರಿಸಿ ನೋಡಿದರೆ ಅಜ್ಜನ ಕಾಲದ ಐದು ಕಿಡಕಿ ಸಿಕ್ಕವು. ಪುಸ್ತಕದಲ್ಲಿ ಕಿಟಕಿ ಅಂತಾರೆ, ನಮ್ಮ ಕಡೆ ಕಿಡಕಿ. ಎರಡಕ್ಕೆ ಕಬ್ಬಿಣದ ಕಂಬಿ, ಮೂರಕ್ಕೆ ನಮ್ಮಪ್ಪ ಮುಂದೆ ಹಾಕಿಸಿದ ಗಾಜಿನ ಕದ. ಕಟ್ಟಿಗೆ ಇನ್ನೂ ಗಟ್ಟಿಯಿತ್ತು. ಹೊಸ ಗೋಡೆಗೆ ಹೊಸ ಅಳತೆಯ ಕಬ್ಬಿಣದ ಕಿಡಕಿ ಬಂದವು. ಇವು ದನದ ಕೊಟ್ಟಿಗೆಗೆ ಆನಿಸಿ ಎರಡು ವರ್ಷ ಹಾಗೇ ನಿಂತವು.

"ಇವನ್ನ ಒಡದು ಒಲಿಗೆ ಹಾಕ್ರಿ, ಜಳಕದ ನೀರರ ಕಾಯ್ತಾವು" ಎಂದು ನನ್ನ ಹೆಂಡತಿ ಎಷ್ಟೋ ಸಲ ಹೇಳಿದಳು. ನನಗೆ ಮನಸ್ಸು ಬರಲಿಲ್ಲ. ಇಂದು ಆ ಐದು ಕಿಡಕಿ ಹದಿನಾಲ್ಕಾಗಿವೆ. ಅವುಗಳ ಕೆಳಗೆ ಪ್ರತಿ ವರ್ಷ ಮೂರು ಸಾವಿರದಷ್ಟು ಬ್ಯಾಡಗಿ ಮೆಣಸಿನ ಅಗಿ ಏಳುತ್ತವೆ. ಅದು ಹೇಗೆ, ಎಲ್ಲಿ ಎಡವಿದೆ, ಎಷ್ಟು ಉಳಿಯಿತು, ಎಲ್ಲಿ ಉಪಯೋಗವಿಲ್ಲ ಎಂಬುದನ್ನು ನನ್ನಂಥ ಸಣ್ಣ ರೈತರಿಗೆ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಏಳನೇ ಇಯತ್ತೆವರೆಗೆ ಓದಿದವ. ತಪ್ಪಿದ್ದರೆ ಓದುಗರು ತಿದ್ದಿಕೊಳ್ಳಬೇಕು.

ಅಗಿ ಕೊಂಡು ಕೆಟ್ಟ ವರ್ಷ

ನನಗಿರುವುದು ನಾಲ್ಕು ಎಕರೆ ಒಣ ಬೇಸಾಯ. ಅರ್ಧ ಎರಿ, ಅರ್ಧ ಮಸಾರಿ. ಬೋರು ಇಲ್ಲ. ಒಂದು ಎಕರೆಗೆ ಪ್ರತಿ ವರ್ಷ ಮೆಣಸಿನಕಾಯಿ, ಅದರ ನಡುವೆ ಹತ್ತಿ. ಇದು ನಮ್ಮ ಭಾಗದ ಹಳೆಯ ಪದ್ಧತಿ. ನಮ್ಮ ಅಪ್ಪ ಅಗಿಯನ್ನು ಬಾವಿ ದಂಡೆಯ ಮೇಲೆ ತಾನೇ ಹಾಕುತ್ತಿದ್ದ. ಬಾವಿ ಬತ್ತಿದ ಮೇಲೆ ನಾನು ಅಗಿ ಕೊಳ್ಳಲು ಕಲಿತೆ.

2020ರಲ್ಲಿ ಒಂದು ನರ್ಸರಿಯಿಂದ 14,000 ಅಗಿ ತಂದೆ. ಒಂದು ಅಗಿಗೆ ಒಂದು ರೂಪಾಯಿ. ಒಂದು ಗುಣಿಗೆ ಎರಡರಂತೆ ಒಂದು ಎಕರೆಗೆ ಹಚ್ಚುವ ಲೆಕ್ಕ. ಮುಂಗಡ ಕೊಟ್ಟಾಗ ಅವರು ಒಂದು ತಾರೀಖು ಹೇಳಿದರು. ಆ ತಾರೀಖಿಗೆ ಅಗಿ ತಯಾರಾದವು, ಆದರೆ ಮಳೆ ತಯಾರಾಗಲಿಲ್ಲ. ಹನ್ನೆರಡು ದಿನ ಕಾದೆ. ಅಷ್ಟರಲ್ಲಿ ಅಗಿ ಉದ್ದಕ್ಕೆ ಬೆಳೆದು ಜೋಲುತ್ತಿದ್ದವು. ತುದಿ ಎಲೆ ಆಗಲೇ ಸ್ವಲ್ಪ ಮುದುಡಿತ್ತು. ಅವಸರದಲ್ಲಿ ನೋಡಲಿಲ್ಲ, ನೋಡಿದರೂ ಬಿಡುವ ಹಾಗಿರಲಿಲ್ಲ, ರೊಕ್ಕ ಕೊಟ್ಟಾಗಿತ್ತು.

ಹಚ್ಚಿ ಮೂರು ವಾರಕ್ಕೆ ಮೂರರಲ್ಲಿ ಒಂದು ಗಿಡಕ್ಕೆ ಮುಟುರು ರೋಗ. ನಾಲ್ಕು ಕ್ವಿಂಟಲ್ ಒಣಕಾಯಿ ಆಗುವ ಹೊಲದಲ್ಲಿ ಒಂದೂವರೆ ಕ್ವಿಂಟಲ್ ಆಯಿತು. ಆ ವರ್ಷ ಸೊಸೈಟಿ ಸಾಲಕ್ಕೆ ಬಡ್ಡಿ ಕಟ್ಟಿದೆನೇ ಹೊರತು ಅಸಲು ಮುಟ್ಟಲಿಲ್ಲ. ಎರಡು ಕುರಿ ಮಾರಿದೆ.

ಆಗ ಕುಳಿತು ಯೋಚನೆ ಮಾಡಿದೆ. ಒಣ ಬೇಸಾಯದವನಿಗೆ ಮಳೆ ತನ್ನ ತಾರೀಖಿಗೆ ಬರುತ್ತದೆ, ನರ್ಸರಿ ತನ್ನ ತಾರೀಖಿಗೆ ಕೊಡುತ್ತದೆ. ಎರಡೂ ಕೂಡುವುದು ನಮ್ಮ ದೈವ. ಅಗಿ ನಮ್ಮ ಹಿತ್ತಲದಾಗೇ ಇದ್ದರೆ? ಮಳೆ ಬಿದ್ದ ದಿನ ಕಿತ್ತು ಮರುದಿನ ಹಚ್ಚಬಹುದು. ಮನೆ ಬಾಗಿಲಲ್ಲಿದ್ದರೆ ಎಲೆ ಮುದುಡುವುದೂ ಕಣ್ಣಿಗೆ ಬೀಳುತ್ತದೆ.

ಆದರೆ ಹಿತ್ತಲದಲ್ಲಿ ಅಗಿ ಉಳಿಯುವುದು ಕಷ್ಟ. ಕೋಳಿ, ಆಡು ಒಂದು ಕಡೆ. ಬಂಕಾಪುರದ ಕೋಟೆಯಲ್ಲಿ ನವಿಲುಧಾಮ ಇದೆ. ನವಿಲಿಗೆ ಕೋಟೆಯ ಗಡಿ ಗೊತ್ತಿಲ್ಲ, ಎಳೆ ಅಗಿ ಕಂಡರೆ ಸಾಲು ಹಿಡಿದು ಕುಕ್ಕುತ್ತದೆ. ಜೋರು ಮಳೆ ಬಂದರೆ ಅಗಿ ಮಣ್ಣಿಗೆ ಅಂಟಿ ಕೊಳೆಯುತ್ತದೆ. ಇವೆಲ್ಲಕ್ಕೂ ಮುಚ್ಚಳ ಬೇಕು. ಮುಚ್ಚಳ ಕೊಟ್ಟಿಗೆಗೆ ಆನಿಸಿ ನಿಂತಿತ್ತು.

ಪೆಟ್ಟಿಗೆ ಕಟ್ಟಿದ ಬಗೆ

ನನ್ನ ಕಿಡಕಿಗಳು ಸುಮಾರು 2 ಅಡಿ ಅಗಲ, 3 ಅಡಿ ಉದ್ದ. ಅದೇ ಅಳತೆಗೆ ಬಿದ್ದ ಗೋಡೆಯ ಕಲ್ಲು ಮತ್ತು ಕೆಸರಿನಿಂದ ಗೋಡೆ ಎತ್ತಿದೆ. ಪಡುವಣ ಬದಿ ಒಂದು ಅಡಿ ಎತ್ತರ, ಮೂಡಣ ಬದಿ ಒಂದೂಕಾಲು ಅಡಿ. ಮುಂಗಾರು ಗಾಳಿ ಪಡುವಣದಿಂದ ಹೊಡೆಯುವುದರಿಂದ ಆ ಕಡೆ ತಗ್ಗು ಇರಬೇಕು. ಮಳೆ ನೀರು ಮುಚ್ಚಳದ ಮೇಲಿಂದ ಆ ಕಡೆ ಜಾರಿ ಹೋಗುತ್ತದೆ. ಮೂಡಣದ ಕಡೆ ಮುಚ್ಚಳ ಎತ್ತಿ ಇಟ್ಟಂಗಿ ಕೊಟ್ಟರೆ ಗಾಳಿಯ ಹೊಡೆತ ಇಲ್ಲ, ಮುಂಜಾನೆ ಬಿಸಿಲು ಒಳಗೆ ಬೀಳುತ್ತದೆ.

ಗೋಡೆಯ ಬುಡದಲ್ಲಿ ನೀರು ಹೊರಗೆ ಹರಿಯಲು ಎರಡು ಕಿಂಡಿ ಬಿಡಬೇಕು. ಕಿಂಡಿಗೆ ಬಲೆಯ ತುಂಡು ತುರುಕಬೇಕು. ಇಲ್ಲದಿದ್ದರೆ ಇಲಿ ಹೊಕ್ಕು ಮನೆ ಮಾಡುತ್ತದೆ.

ಕಂಬಿಯ ಕಿಡಕಿಗೆ ಕಂಬಿ ತೆಗೆಯದೆ ಮೇಲೆ 40 ಮೆಶ್ ನೈಲಾನ್ ಬಲೆ ಬಿಗಿದು ಪಟ್ಟಿ ಹೊಡೆದೆ. ನವಿಲು ಮೇಲೆ ಕುಂತರೂ ಕಂಬಿ ತಡೆಯುತ್ತದೆ. ಬಿಳಿ ನೊಣವನ್ನು ಬಲೆ ತಡೆಯುತ್ತದೆ. ಎಲೆ ಮುಟುರು ನಂಜು ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಈ ಬಿಳಿ ನೊಣವೇ. ಥ್ರಿಪ್ಸ್ ನುಸಿ ಅದಕ್ಕಿಂತ ಸಣ್ಣದು, ಈ ಬಲೆಯಲ್ಲಿ ತೂರಿ ಬರಬಲ್ಲದು. ಅದಕ್ಕೆ ಬಲೆ ಹಾಕಿದೆ ಎಂದು ನಿಶ್ಚಿಂತೆಯಿಂದ ಇರಬಾರದು, ದಿನಾ ಎಲೆ ತಿರುಗಿಸಿ ನೋಡಬೇಕು. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮುದುಡಿದರೆ ಥ್ರಿಪ್ಸ್. ಕೆಳಕ್ಕೆ, ಬೋರಲು ಹಾಕಿದ ದೋಣಿಯಂತೆ ಮುದುಡಿದರೆ ಮೈಟ್ ನುಸಿ. ಎರಡಕ್ಕೂ ಔಷಧ ಬೇರೆ. ಇದನ್ನು ತಿಳಿಯದೆ ನಾನು ಎಷ್ಟೋ ವರ್ಷ ಒಂದಕ್ಕೆ ಇನ್ನೊಂದರ ಔಷಧ ಹೊಡೆದಿದ್ದೇನೆ.

ಗಾಜಿನ ಕದಕ್ಕೆ ಹಳೆಯ ಬಿಜಾಗರಿಯನ್ನೇ ಎಣ್ಣೆ ಹಾಕಿ ಉಳಿಸಿಕೊಂಡೆ. ಕೆಳಗೆ ಒಂದು ಬಲೆಯ ಚೌಕಟ್ಟು, ಮೇಲೆ ಗಾಜು. ಹಗಲೆಲ್ಲ ಗಾಜು ತೆರೆದಿರುತ್ತದೆ, ಬಲೆ ಮಾತ್ರ ಇರುತ್ತದೆ. ಜೋರು ಮಳೆ ಬಂದಾಗ ಗಾಜು ಇಳಿಸುತ್ತೇವೆ.

ಮಣ್ಣಿನ ಲೆಕ್ಕ ಹೀಗೆ: ಮಸಾರಿ ಮಣ್ಣು ಎರಡು ಬುಟ್ಟಿ, ಸೋಸಿದ ಹಳೆಯ ತಿಪ್ಪೆ ಗೊಬ್ಬರ ಒಂದು ಬುಟ್ಟಿ, ಹಳ್ಳದ ಉಸುಕು ಒಂದು ಬುಟ್ಟಿ. ಪೆಟ್ಟಿಗೆಯ ಒಳಗೆ ನಾಲ್ಕು ಇಂಚು ಎತ್ತರದ ಮಡಿ.

ಬೀಜ ಹಾಕುವ ಮುಂಚಿನ ಒಂದು ಕೆಲಸವನ್ನು ಯಾರೂ ಬಿಡಬೇಡಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಡಿಯನ್ನು ಚೆನ್ನಾಗಿ ನೆನೆಸಿ, ಗಾಜಿನ ಕದ ಮುಚ್ಚಿ, ಸಂದಿಗೆಲ್ಲ ಕೆಸರು ಮೆತ್ತಿ ನಾಲ್ಕೈದು ವಾರ ಬಿಡಬೇಕು. ಗಾಜು ಇಲ್ಲದ ಪೆಟ್ಟಿಗೆಗೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಬಹುದು. ಒಳಗಿನ ಕಾವಿಗೆ ಕಸದ ಬೀಜ ಸಾಯುತ್ತದೆ, ಅಗಿಯ ಬುಡ ಕೊಳೆಸುವ ಬೂಷ್ಟು ಕಡಿಮೆಯಾಗುತ್ತದೆ. ಟ್ರೈಕೋಡರ್ಮಾ ಕಲಿಸಿದ ಗೊಬ್ಬರವನ್ನು ಇದಾದ ಮೇಲೆ ಹಾಕಬೇಕು, ಮೊದಲೇ ಹಾಕಿದರೆ ಅದೂ ಕಾವಿಗೆ ಸಾಯುತ್ತದೆ.

ಬೀಜ ನನ್ನದೇ. ಹೊಲದ ನಡುವಿನ ರೋಗವಿಲ್ಲದ ಗಿಡಗಳಿಂದ ಎರಡನೇ ಕೊಯ್ಲಿನ ಕಾಯಿ ಆರಿಸಿ ಇಡುತ್ತೇನೆ. ಮೆಣಸಿನಲ್ಲಿ ಬೇರೆ ಗಿಡದ ಪರಾಗ ಬೆರೆಯುವುದು ಹೆಚ್ಚು. ಬದುವಿನ ಪಕ್ಕದ ಗಿಡ ಬೀಜಕ್ಕೆ ಬೇಡ. ಸಾಲಿನಿಂದ ಸಾಲಿಗೆ 3 ಇಂಚು, ಬೀಜದಿಂದ ಬೀಜಕ್ಕೆ 1 ಇಂಚು, ಕಾಲು ಇಂಚು ಆಳ. ಮೇಲೆ ಹುಲ್ಲು ಹೊದಿಸಿ ಮೊಳಕೆ ಕಂಡ ದಿನ ತೆಗೆಯುವುದು. ಒಂದು ಚದರ ಅಡಿಗೆ 48 ಬೀಜ ಬೀಳುತ್ತವೆ. ಐದು ಕಿಡಕಿಗೆ 30 ಚದರ ಅಡಿ, ಅಂದರೆ 1,440 ಬೀಜ.

ಮೊದಲನೇ ವರ್ಷದ ಎರಡು ತಪ್ಪು

2021ರ ರೋಹಿಣಿ ಮಳೆಯಲ್ಲಿ ಐದು ಪೆಟ್ಟಿಗೆಗೆ ಬೀಜ ಹಾಕಿದೆ. ಹಾದಿಯಲ್ಲಿ ಹೋಗುವವರು, "ಕಾಕಾ, ಹಿತ್ತಲದಾಗ ಕುಬ್ಬರಿಗೆ ಮನಿ ಕಟ್ಟಾಕತ್ತೀರೇನು?" ಎಂದು ಕೇಳಿ ನಕ್ಕರು. ಎಂಟನೇ ದಿನ ಮೊಳಕೆ ಕಂಡಾಗ ಅದೇ ಜನ ಬಗ್ಗಿ ನೋಡಿದರು.

ಮೊದಲ ತಪ್ಪು ಗಾಜಿನದು. ಒಂದು ದಿನ ಮುಂಜಾನೆ ಮೋಡ ಕವಿದಿತ್ತು. ಮಳೆ ಬಂದೀತೆಂದು ಮೂರೂ ಗಾಜಿನ ಕದ ಮುಚ್ಚಿ ಸವಣೂರಿಗೆ ಹೋದೆ. ಹತ್ತು ಗಂಟೆಗೆ ಮೋಡ ಬಿಚ್ಚಿ ಬಿಸಿಲು ಬಿತ್ತು. ಮನೆಯಲ್ಲಿ ಯಾರಿಗೂ ನಾನು ಹೇಳಿರಲಿಲ್ಲ. ಸಂಜೆ ಬಂದು ಕದ ಎತ್ತಿದರೆ ಒಳಗಿಂದ ಒಲೆಯ ಬಾಯಿಯ ಹಾಗೆ ಝಳ ಬಂತು. ಒಂದು ಪೆಟ್ಟಿಗೆಯ ಅಗಿ ಬೇಯಿಸಿದ ಪಲ್ಯದ ಹಾಗೆ ಮಲಗಿದ್ದವು. ಉಳಿದ ಎರಡರಲ್ಲಿ ಒಂದು ಮೂಲೆ ಕೆಟ್ಟಿತ್ತು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಕಾವನ್ನು ಹೊರಗೆ ಬಿಡುವುದಿಲ್ಲ. ನಮ್ಮ ನಾಡಿನಲ್ಲಿ ಕಿಡಕಿ ಪೆಟ್ಟಿಗೆಯ ಕೆಲಸವೆಂದರೆ ಮುಚ್ಚುವುದಲ್ಲ, ಹೊತ್ತಿಗೆ ಸರಿಯಾಗಿ ತೆರೆಯುವುದು. ಈಗ ನಮ್ಮ ಮನೆಯಲ್ಲಿ ಕಟ್ಟಳೆ ಇದೆ: ಮಳೆ ನಿಂತ ಕೂಡಲೇ ಯಾರು ಮನೆಯಲ್ಲಿದ್ದರೂ ಗಾಜು ಎತ್ತಬೇಕು. ಯಾರೂ ಇಲ್ಲದ ದಿನ ಗಾಜಿನ ಕೆಳಗೆ ಮೂಡಣ ಬದಿಗೆ ಎರಡು ಇಟ್ಟಂಗಿ ಕೊಟ್ಟೇ ಹೋಗಬೇಕು.

ಎರಡನೇ ತಪ್ಪು ಎಣ್ಣೆಯದು. ಗೆದ್ದಲು ಹಿಡಿಯಬಾರದೆಂದು ಚೌಕಟ್ಟಿಗೆ ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಬಳಿದೆ. ಮಳೆ ಬಂದಾಗ ಅದು ತೊಟ್ಟಿಕ್ಕಿತು. ಅಂಚಿನ ಎರಡು ಸಾಲು ಅಗಿ ಹಳದಿಯಾಗಿ ಸತ್ತವು. ಈಗ ಎಣ್ಣೆ ಬಳಿಯುವುದಿಲ್ಲ. ಕಟ್ಟಿಗೆ ಮಣ್ಣಿಗೆ ತಾಗದಂತೆ ಗೋಡೆಯ ತಲೆಗೆ ಚಪ್ಪಟೆ ಕಲ್ಲು ಇಟ್ಟು ಅದರ ಮೇಲೆ ಚೌಕಟ್ಟು ಕೂರಿಸುತ್ತೇನೆ. ಅಗಿ ಕಿತ್ತ ಮೇಲೆ ಕಿಡಕಿಗಳನ್ನು ಎತ್ತಿ ಕೊಟ್ಟಿಗೆಯ ಅಟ್ಟಕ್ಕೆ ಹಾಕುತ್ತೇನೆ.

ಕೆಟ್ಟದ್ದು ಕಳೆದು ಮತ್ತೆ ಬೀಜ ಹಾಕಿದ್ದು ಸೇರಿ ಆ ವರ್ಷ 1,100 ಅಗಿ ಕೈಗೆ ಬಂದವು. ಬುಡ ಗಟ್ಟಿ, ಗೇಣುದ್ದ, ಕಡು ಹಸಿರು. ಇಂಥ ಅಗಿಯಾದರೆ ಗುಣಿಗೆ ಒಂದೇ ಸಾಕು. ಎರಡೂವರೆ ಅಡಿಗೊಂದರಂತೆ ಎಕರೆಗೆ ಸುಮಾರು 7,000 ಗುಣಿ, ಗುಂಟೆಗೆ 175. ಆರು ಗುಂಟೆಗೆ ಆದವು. ಉಳಿದ ಹೊಲಕ್ಕೆ ಆ ವರ್ಷವೂ ಅಗಿ ಕೊಂಡೆ.

ಮುಂದೆ ಆದದ್ದನ್ನೂ ಮುಚ್ಚಿಡದೆ ಹೇಳಬೇಕು. 2021-22ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಿಗೆ ಹೊಸ ಕಪ್ಪು ಥ್ರಿಪ್ಸ್ ದಾಳಿ ಇಟ್ಟಿತು. ವಿಜ್ಞಾನಿಗಳು ಅದನ್ನು ಥ್ರಿಪ್ಸ್ ಪಾರ್ವಿಸ್ಪೈನಸ್ ಎನ್ನುತ್ತಾರೆ. ನಮ್ಮ ದೇಶದಲ್ಲಿ 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಮೊದಲು ಕಂಡ ನುಸಿ ಅದು. ಹೂವಿನೊಳಗೇ ಕುಂತು ಹೂ ಉದುರಿಸುತ್ತದೆ. ಕೊಂಡ ಅಗಿ, ನನ್ನ ಅಗಿ ಎಂದು ಅದು ಭೇದ ಮಾಡಲಿಲ್ಲ. ಎರಡೂ ಕಡೆ ಹೂ ಉದುರಿದವು. ಅಂದರೆ ಕಿಡಕಿ ಕಾಯುವುದು ಮೊದಲಿನ ನಲವತ್ತು ದಿನ ಮಾತ್ರ. ಆಮೇಲೆ ಹೊಲದಲ್ಲಿ ನಾವೇ ಕಾಯಬೇಕು.

ಮಳೆಯ ದಾರಿ ಕಾಯುವ ಅಗಿ

2022ಕ್ಕೆ ಕಿಡಕಿ ಹದಿನಾಲ್ಕು ಮಾಡಿದೆ. ಮಳೆಗೆ ಬಿದ್ದ ಮನೆಯವರು ನಾಲ್ಕು ಹಾಗೇ ಕೊಟ್ಟರು. ಐದನ್ನು ಗುಜರಿಯಿಂದ ನೂರು ರೂಪಾಯಿಗೆ ಒಂದರಂತೆ ತಂದೆ. ಒಂದೊಂದು ಕಿಡಕಿಗೆ ಒಂದೊಂದು ಪೆಟ್ಟಿಗೆ ಬೇರೆ ಬೇರೆ ಇರುವುದರ ಲಾಭ ನನಗೆ ಆಗ ಹೊಳೆಯಿತು. ಎಲ್ಲ ಬೀಜವನ್ನೂ ಒಂದೇ ದಿನ ಹಾಕಬೇಕಿಲ್ಲ.

ಆಗಿನಿಂದ ಮೂರು ಕಂತಿನಲ್ಲಿ ಹಾಕುತ್ತೇನೆ. ರೋಹಿಣಿಯಲ್ಲಿ ಐದು ಪೆಟ್ಟಿಗೆ, ಹತ್ತು ದಿನ ಬಿಟ್ಟು ಐದು, ಮತ್ತೆ ಹತ್ತು ದಿನ ಬಿಟ್ಟು ನಾಲ್ಕು. ಮೆಣಸಿನ ಅಗಿಗೆ ಒಳ್ಳೆಯ ವಯಸ್ಸು 35ರಿಂದ 45 ದಿನ. ಎಳೆಯದಾದರೆ ಬಿಸಿಲಿಗೆ ಸಾಯುತ್ತದೆ, ಬಲಿತರೆ ಬೇರು ಹಿಡಿಯುವುದಿಲ್ಲ. ಮೂರು ಕಂತು ಇದ್ದರೆ ಮಳೆ ಯಾವಾಗ ಬಂದರೂ ಒಂದು ಕಂತು ಸರಿಯಾದ ವಯಸ್ಸಿಗೆ ಇರುತ್ತದೆ.

ಇದರ ಬೆಲೆ ತಿಳಿದದ್ದು 2023ರಲ್ಲಿ. ಜೂನ್ ತಿಂಗಳು ಪೂರ್ತಿ ಒಣ ಹೋಯಿತು. ಮೃಗಶಿರಾ ಹೋಯಿತು, ಆರಿದ್ರಾ ಹೋಯಿತು, ಹೊಲ ಬಾಯಿ ಬಿಟ್ಟು ಕುಂತಿತ್ತು. ಹಿತ್ತಲದಲ್ಲಿ ಅಗಿ ಮಾತ್ರ ಹಸಿರು. ಹದಿನಾಲ್ಕು ಪೆಟ್ಟಿಗೆಗೆ ದಿನಕ್ಕೆ ನಾಲ್ಕು ಕೊಡ ನೀರು ಸಾಕು. ಬಲೆಯ ನೆರಳಿನಲ್ಲಿ ತೇವ ಬೇಗ ಆರುವುದಿಲ್ಲ. ಊರ ನಳದ ನೀರನ್ನು ನನ್ನ ಹೆಂಡತಿ ಹೊತ್ತು ಹಾಕಿದಳು. "ಒಲಿಗೆ ಹಾಕ್ರಿ ಅಂದಿದ್ದೆ, ಈಗ ನಾನ ನೀರ ಹಾಕೋ ಹಂಗ ಮಾಡಿದ್ರಿ" ಎಂದು ನಕ್ಕಳು.

ಜುಲೈ ಮೂರನೇ ವಾರ ಮಳೆ ಹತ್ತಿತು. ಮೊದಲ ಕಂತಿನ ಅಗಿಗೆ ಐವತ್ತು ದಿನ ದಾಟಿತ್ತು. ಅದರ ತಲೆ ಚಿವುಟಿ ಗಟ್ಟಿ ಇದ್ದಷ್ಟನ್ನೇ ಹಚ್ಚಿದೆ. ಎರಡನೇ ಕಂತು ನಲವತ್ತೆರಡು ದಿನದ್ದು, ಒಂದೂ ಬಾಡಲಿಲ್ಲ. ಮೂರನೇ ಕಂತನ್ನು ಒಂದು ವಾರ ಬಿಟ್ಟು ಸತ್ತ ಗುಣಿ ತುಂಬಲು ಬಳಸಿದೆ. ಆ ಹೊತ್ತಿನಲ್ಲಿ ಊರಿನಲ್ಲಿ ಅಗಿ ಕೇಳಿಕೊಂಡು ತಿರುಗುವವರು ಎಷ್ಟೋ ಜನ.

ಆ ವರ್ಷದ ಆಗಸ್ಟ್, 1901ರಿಂದ ಲೆಕ್ಕ ಇಟ್ಟ ಮೇಲೆ ದೇಶದಲ್ಲಿ ಅತಿ ಕಡಿಮೆ ಮಳೆಯಾದ ಆಗಸ್ಟ್. ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರಕಾರ ಬರಪೀಡಿತ ಎಂದು ಸಾರಿತು. ಬೆಳೆ ಅರ್ಧಕ್ಕೆ ಬಂತು. ಆದರೆ ಸರಿ ವಯಸ್ಸಿಗೆ ಹಚ್ಚಿದ ಗಿಡ ಆ ಒಣಗಾಲವನ್ನು ತಡೆದುಕೊಂಡು ಸೆಪ್ಟೆಂಬರ್ ಮಳೆಗೆ ಮತ್ತೆ ಚಿಗುರಿತು. ಸೊಸೈಟಿಯ ಬಡ್ಡಿ ಕಟ್ಟಿ, ಮನೆಗೆ ವರ್ಷದ ಖಾರ ಇಟ್ಟುಕೊಂಡೆ. ಬರಗಾಲದಲ್ಲಿ ಕುರಿ ಮಾರದೆ ಉಳಿದೆ. ನನಗೆ ಅದು ಸಣ್ಣ ಮಾತಲ್ಲ.

ನಾಲ್ಕು ತಾಲೂಕು, ನಾಲ್ಕು ಬಗೆ

ಮಗಳ ಮದುವೆಗೆ ಬಂದ ನೆಂಟರೆಲ್ಲ ಹಿತ್ತಲ ನೋಡಿ ಹೋದರು. ಅವರವರ ಊರಲ್ಲಿ ಅವರವರ ಹಾಗೆ ಮಾಡಿಕೊಂಡಿದ್ದಾರೆ. ನಮ್ಮ ಜಿಲ್ಲೆ ಚಿಕ್ಕದಾದರೂ ಮಳೆ ಒಂದೇ ಸಮ ಇಲ್ಲ. ಅದಕ್ಕೆ ಪೆಟ್ಟಿಗೆಯೂ ಒಂದೇ ಸಮ ಇರಬಾರದು.

ನಮ್ಮ ಬೀಗರು ಹಾನಗಲ್ಲ ತಾಲೂಕಿನವರು. ಅದು ಮಲೆನಾಡಿನ ಸೆರಗು, ಭತ್ತ ಮತ್ತು ಮಾವಿನ ನಾಡು. ಅಲ್ಲಿ ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ನನ್ನ ಹಾಗೆ ನಾಲ್ಕು ಇಂಚಿನ ಮಡಿ ಮಾಡಿ ಮೊದಲ ವರ್ಷ ಅಗಿಯೆಲ್ಲ ಬುಡ ಕೊಳೆತು ಹೋದವು. ಈಗ ಒಂದು ಅಡಿ ಎತ್ತರದ ಮಡಿ, ಉಸುಕು ಎರಡು ಪಾಲು. ಪೆಟ್ಟಿಗೆಯ ಗೋಡೆಯನ್ನೂ ಅಷ್ಟು ಎತ್ತರಿಸಿದ್ದಾರೆ, ನಾಲ್ಕೂ ಬದಿ ಮೇಲಿನ ಅರ್ಧ ಗೋಡೆಯ ಬದಲು ಬಲೆ. ಮೇಲೆ ಮಾತ್ರ ಗಾಜು. ಮಳೆ ಒಳಗೆ ಬೀಳುವುದಿಲ್ಲ, ಗಾಳಿ ಆಡುತ್ತದೆ. ಬೀಜವನ್ನು ದಟ್ಟ ಹಾಕಬಾರದು ಎಂಬುದು ಅವರ ಅನುಭವ. ಅಗಿ ಒಂದಕ್ಕೊಂದು ತಾಗಿದರೆ ಕೊಳೆ ರೋಗ ಸಾಲಿನಿಂದ ಸಾಲಿಗೆ ಓಡುತ್ತದೆ.

ಸವಣೂರು ತಾಲೂಕಿನ ನನ್ನ ಗೆಳೆಯನದು ಎರಿ ಹೊಲ. ಅಲ್ಲಿ ಮಳೆಗಿಂತ ಮೇ ತಿಂಗಳ ಬಿಸಿಲಿನದೇ ಚಿಂತೆ. ಅವನ ಹತ್ತಿರ ಒಂದೂ ಗಾಜು ಇಲ್ಲ, ಬರೀ ಚೌಕಟ್ಟು. ಮೊದಲ ಇಪ್ಪತ್ತು ದಿನ ಮಧ್ಯಾಹ್ನ ಬಲೆಯ ಮೇಲೆ ಹಳೆಯ ತೆಳು ಸೀರೆ ಹೊದಿಸುತ್ತಾನೆ, ನಾಲ್ಕು ಗಂಟೆಗೆ ತೆಗೆಯುತ್ತಾನೆ. ಇಡೀ ದಿನ ಸೀರೆ ಬಿಟ್ಟರೆ ಅಗಿ ಬೆಳಕು ಹುಡುಕಿ ಬಡಕಾಗುತ್ತದೆ. ಎರಿ ಮಣ್ಣು ಪೆಟ್ಟಿಗೆಗೆ ಆಗಿಬರುವುದಿಲ್ಲ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಅದಕ್ಕೆ ಎರಡು ಚೀಲ ಮಸಾರಿ ಮಣ್ಣು ನನ್ನ ಹೊಲದಿಂದಲೇ ಒಯ್ದ.

ಹಿರೇಕೆರೂರ ತಾಲೂಕು ನನ್ನ ಹೆಂಡತಿಯ ತವರು. ಅವಳ ಅಣ್ಣನಿಗೆ ಬೋರು ಇದೆ, ಬೇಸಿಗೆಗೆ ಟೊಮೆಟೊ, ಬದನೆ. ನವೆಂಬರ್ ಕೊನೆಗೆ ಬೀಜ ಹಾಕುತ್ತಾರೆ. ಆಗ ರಾತ್ರಿ ಚಳಿಗೆ ಮೊಳಕೆ ಏಳಲು ಹದಿನೈದು ದಿನ ಹಿಡಿಯುತ್ತಿತ್ತು, ಅರ್ಧ ಬೀಜ ಮಣ್ಣಲ್ಲೇ ಕೊಳೆಯುತ್ತಿತ್ತು. ಗಾಜಿನ ಕಿಡಕಿಯ ನಿಜವಾದ ಉಪಯೋಗ ಕಂಡದ್ದು ಅಲ್ಲಿ. ಸಂಜೆ ನಾಲ್ಕಕ್ಕೆ ಮುಚ್ಚಿ ಹಗಲಿನ ಕಾವು ಹಿಡಿದಿಟ್ಟು, ಮುಂಜಾನೆ ಎಂಟಕ್ಕೆ ತೆರೆಯುತ್ತಾರೆ. ಒಂಬತ್ತು ಹತ್ತು ದಿನಕ್ಕೆ ಮೊಳಕೆ ಬರುತ್ತದೆ. ಚಳಿಗಾಲದ ಪೆಟ್ಟಿಗೆಯ ಇಳಿಜಾರು ತೆಂಕಣಕ್ಕೆ ಇರಬೇಕು. ಸೂರ್ಯ ಆಗ ತೆಂಕಣಕ್ಕೆ ವಾಲಿರುತ್ತಾನೆ.

ಇದು ಹೊಸದೇನಲ್ಲ

ಇದನ್ನು ನಾನೇ ಕಂಡುಹಿಡಿದೆ ಎಂದು ಒಂದು ವರ್ಷ ಬೀಗಿದ್ದೆ. ಕಾಲೇಜು ಓದಿದ ಮಗಳು ಓದಿ ಹೇಳಿದ ಮೇಲೆ ತಿಳಿಯಿತು, ಚಳಿ ದೇಶಗಳಲ್ಲಿ ಇದು ಬಹಳ ಹಳೆಯದು, ಇಂಗ್ಲಿಷಿನವರು ಕೋಲ್ಡ್ ಫ್ರೇಮ್ ಅನ್ನುತ್ತಾರಂತೆ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ ಪಟ್ಟಣದ ಸುತ್ತ ಕಾಯಿಪಲ್ಯ ಬೆಳೆಯುವವರು ಕುದುರೆ ಲದ್ದಿಯನ್ನು ದಪ್ಪ ಹಾಸಿ, ಮೇಲೆ ಮಣ್ಣು ಹಾಕಿ, ಗಾಜಿನ ಚೌಕಟ್ಟು ಮುಚ್ಚುತ್ತಿದ್ದರು. ಕೆಳಗಿನಿಂದ ಲದ್ದಿಯ ಕಾವು, ಮೇಲಿನಿಂದ ಬಿಸಿಲಿನ ಕಾವು. ಚಳಿಗಾಲದಲ್ಲೂ ಸೊಪ್ಪು, ಮೂಲಂಗಿ ಪೇಟೆಗೆ ಒಯ್ಯುತ್ತಿದ್ದರು. ನಮ್ಮ ದೇಶದ ಲಡಾಖಿನಲ್ಲಿ ನೆಲ ತೋಡಿ, ಆ ತಗ್ಗಿನಲ್ಲಿ ಬೀಜ ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಪಲ್ಯ ಬೆಳೆಯುತ್ತಾರೆ. ಅವರಿಗೆ ಕಾವು ಹಿಡಿಯುವುದು ಮುಖ್ಯ, ನಮಗೆ ಕಾವು ಬಿಡುವುದು ಮುಖ್ಯ. ಕಿಡಕಿ ಒಂದೇ, ಕೆಲಸ ತಿರುವು ಮುರುವು.

ಹಳೆಯ ಬಣ್ಣದ ಎಚ್ಚರ

ಒಂದು ಮಾತು ಅವಶ್ಯ ಹೇಳಬೇಕು. ಹಿಂದಿನ ಕಾಲದ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂದು ನಮ್ಮ ದೇಶದಲ್ಲಿ ಕಾನೂನು ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಸೀಸ ವಿಷ, ಮಕ್ಕಳ ಬುದ್ಧಿ ಬೆಳವಣಿಗೆಗೆ ಹೆಚ್ಚು ಕೆಟ್ಟದ್ದು. ಅದಕ್ಕೆ ಹಳೆಯ ಬಣ್ಣದ ಕಿಡಕಿಯನ್ನು ಒಣಗಿದ್ದಾಗ ಕೆರೆಯಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಒಲೆಗಂತೂ ಹಾಕಲೇಬೇಡಿ, ಹೊಗೆಯಲ್ಲೂ ಬೂದಿಯಲ್ಲೂ ವಿಷ ಉಳಿಯುತ್ತದೆ. ಬಣ್ಣ ಹಪ್ಪಳ ಎದ್ದು ಉದುರುವ ಕಿಡಕಿಯನ್ನು ಮಡಿಯ ಮೇಲೆ ಇಡಬೇಡಿ. ನನ್ನ ಅಜ್ಜನ ಕಿಡಕಿಗಳಿಗೆ ಬಣ್ಣ ಇರಲಿಲ್ಲ, ಬರೀ ಎಣ್ಣೆ ಉಂಡ ಕಟ್ಟಿಗೆ. ಗುಜರಿಯಲ್ಲೂ ಬಣ್ಣವಿಲ್ಲದ್ದನ್ನೇ ಆರಿಸಿದೆ.

ಗಾಜಿನದೂ ಎಚ್ಚರ ಬೇಕು. ಒಡೆದ ಚೂರು ಮಣ್ಣಿನಲ್ಲಿ ಉಳಿದರೆ ಅಗಿ ಕೀಳುವ ಹೆಣ್ಣುಮಕ್ಕಳ ಬೆರಳು ಕತ್ತರಿಸುತ್ತದೆ. ಬಿರುಕು ಬಿಟ್ಟ ಗಾಜು ತೆಗೆದು ಆ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಹಾಕಿ. ಮಕ್ಕಳು, ಕರು ಬರದಂತೆ ಸುತ್ತ ಮುಳ್ಳು ಹಚ್ಚಿ.

ಖರ್ಚಿನ ಲೆಕ್ಕ

ಹದಿನಾಲ್ಕು ಪೆಟ್ಟಿಗೆಗೆ ನನ್ನ ಕೈಯಿಂದ ಹೋದದ್ದು: ಐದು ಕಿಡಕಿಗೆ 500 ರೂಪಾಯಿ, ಬಲೆಗೆ 700, ಮೊಳೆ ಮತ್ತು ಪಟ್ಟಿಗೆ 150, ಬಡಿಗೇರನ ಒಂದು ದಿನದ ಕೂಲಿ 600, ಟ್ರೈಕೋಡರ್ಮಾ ಮತ್ತು ಇತರೆ 200. ಒಟ್ಟು 2,150 ರೂಪಾಯಿ. ಕಲ್ಲು, ಮಣ್ಣು, ಗೊಬ್ಬರ ಮನೆಯವು. ನಮ್ಮ ಮೈಯ ದುಡಿಮೆ ಹಿಡಿದಿಲ್ಲ.

84 ಚದರ ಅಡಿಗೆ ನಾಲ್ಕು ಸಾವಿರ ಬೀಜ ಹಾಕಿದರೆ 3,100 ಒಳ್ಳೆಯ ಅಗಿ ಸಿಗುತ್ತವೆ. ಕೊಂಡಿದ್ದರೆ 3,100 ರೂಪಾಯಿ. ಮೊದಲ ವರ್ಷಕ್ಕೇ ಖರ್ಚು ಹುಟ್ಟಿತು. ಈಗ ವರ್ಷಕ್ಕೆ ಮುನ್ನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ಆದರೆ ಇಷ್ಟು ಅಗಿ ಹದಿನೇಳು ಹದಿನೆಂಟು ಗುಂಟೆಗೆ ಮಾತ್ರ. ಒಂದು ಎಕರೆಗೆ ಬೇಕೆಂದರೆ ಮೂವತ್ತಕ್ಕೂ ಹೆಚ್ಚು ಕಿಡಕಿ ಬೇಕು, ಅಷ್ಟು ಯಾರ ಮನೆಯಲ್ಲೂ ಇಲ್ಲ. ನಾನು ಉಳಿದ ಹೊಲಕ್ಕೆ ಪಕ್ಕದಲ್ಲೇ ಬಿದಿರಿನ ದಬ್ಬೆ ಬಗ್ಗಿಸಿ, ಅದೇ ಬಲೆ ಹೊದಿಸಿ ಒಂದು ಉದ್ದ ಮಡಿ ಮಾಡಿದ್ದೇನೆ. ದೊಡ್ಡ ರೈತರಿಗೆ ಕಿಡಕಿ ಬೇಡ, ಅವರಿಗೆ ಬಲೆ ಮನೆ ಸರಿ. ಹತ್ತು ಇಪ್ಪತ್ತು ಗುಂಟೆ ಹಚ್ಚುವವರಿಗೆ, ಹಿತ್ತಲದ ಬದನೆ, ಟೊಮೆಟೊಗೆ, ಸತ್ತ ಗುಣಿ ತುಂಬಲು ಅಗಿ ಬೇಕೆನ್ನುವವರಿಗೆ ಇದು.

ಕಡೆಯ ಮಾತು

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಬಣ್ಣ ತುಟಿಬಣ್ಣಕ್ಕೆ, ಉಗುರು ಬಣ್ಣಕ್ಕೂ ಹೋಗುತ್ತದೆ. ಹೆಸರು ದೊಡ್ಡದಾಯಿತು. ಆದರೆ ಆ ಬೆಳೆಯ ಹಣೆಬರಹ ಬರೆಯುವುದು ಗೇಣುದ್ದದ ಅಗಿ ಮತ್ತು ಅದು ಮಡಿಯಲ್ಲಿರುವ ನಲವತ್ತು ದಿನ. ಆ ನಲವತ್ತು ದಿನವನ್ನು ಬೇರೆಯವರ ಕೈಗೆ ಕೊಟ್ಟು ನಾನು ಒಮ್ಮೆ ಕೆಟ್ಟೆ. ಮಳೆ ನಮ್ಮ ಕೈಯಲ್ಲಿಲ್ಲ, ಪೇಟೆಯ ದರ ನಮ್ಮ ಕೈಯಲ್ಲಿಲ್ಲ. ಅಗಿಯಾದರೂ ನಮ್ಮ ಕೈಯಲ್ಲಿರಲಿ.

ಹಳೆಯ ಮನೆ ಕೆಡವುವಾಗ ಕಿಡಕಿ ಒಲೆಗೆ ಹಾಕುವ ಮುಂಚೆ ಒಂದು ಸಲ ಯೋಚಿಸಿ. ಮೊದಲ ವರ್ಷ ಎರಡೇ ಕಿಡಕಿಯಿಂದ ಮಾಡಿ ನೋಡಿ. ಕೆಟ್ಟರೆ ಐನೂರು ಬೀಜ ಕೆಟ್ಟಾವು. ನಿಮ್ಮ ಕಡೆ ಬೇರೆ ಏನಾದರೂ ಉಪಾಯ ಮಾಡಿದ್ದರೆ ಇದೇ ಪುಟಗಳಲ್ಲಿ ಬರೆಯಿರಿ. ಥ್ರಿಪ್ಸ್ ನುಸಿಯನ್ನು ಮಡಿಯಲ್ಲೇ ತಡೆಯುವ ಸೋವಿ ದಾರಿ ನನಗೆ ಇನ್ನೂ ಸಿಕ್ಕಿಲ್ಲ. ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ತಿಳಿಸಬೇಕು.

ಬರುವ ರೋಹಿಣಿಗೆ ಅಟ್ಟದಿಂದ ಕಿಡಕಿ ಮತ್ತೆ ಇಳಿಯುತ್ತವೆ. ಈ ಸಲ ಅವನ್ನು ಇಳಿಸಿಕೊಡೆಂದು ನನ್ನ ಹೆಂಡತಿಯೇ ನೆನಪು ಮಾಡಿದ್ದಾಳೆ.